ಬೆಳಕು ಬಿದ್ದ ಮೇಲೆ, ಚಿತ್ರ ಮೂಡುವ ಮುನ್ನ

ಷಟರ್ ಒಮ್ಮೆ ತೆರೆದು ಮುಚ್ಚಿಕೊಂಡ ಮೇಲೆ ಫಿಲ್ಮಿನ ಮೇಲೆ ಏನು ಉಳಿದಿರುತ್ತದೆ ಎಂದು ಯೋಚಿಸುತ್ತ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಜಿಲೆಟಿನ್ನಿನ ತೆಳ್ಳನೆಯ ಪದರದಲ್ಲಿ ಹುದುಗಿರುವ ಬೆಳ್ಳಿಯುಪ್ಪಿನ ಹರಳುಗಳಲ್ಲಿ ಕೆಲವಕ್ಕೆ ಬೆಳಕು ತಾಕಿದೆ. ತಾಕಿದ ಹರಳಿನ ಯಾವುದೋ ಒಂದು ಮೂಲೆಯಲ್ಲಿ ಬೆಳ್ಳಿಯ ನಾಲ್ಕಾರು ಪರಮಾಣುಗಳು ಒಟ್ಟಿಗೆ ಬಂದು ಕೂತಿವೆ, ಅಷ್ಟೇ. ಕೋಟಿಗಟ್ಟಲೆ ಕಣಗಳಿರುವ ಹರಳಿನಲ್ಲಿ ಬದಲಾದದ್ದು ನಾಲ್ಕಾರು. ಅಷ್ಟರಲ್ಲೇ ಮದುಮಗಳ ಬಾಗಿದ ರೆಪ್ಪೆಯಿದೆ, ಅವಳ ಹಿಂದೆ ನಿಂತ ತಾಯಿಯ ಮೂಗುಬೊಟ್ಟಿನ ಮಿನುಗಿದೆ, ಚಪ್ಪರದ ಮಾವಿನೆಲೆಗಳ ಸಂದಿನಿಂದ ಜಾರಿ ಯಾರದೋ ಭುಜದ ಮೇಲೆ ನಿಂತ ಬಿಸಿಲಿದೆ. ಎಲ್ಲವೂ ಇದೆ, ಯಾವುದೂ ಕಾಣುವುದಿಲ್ಲ. ನೋಡೋಣವೆಂದು ಬೆಳಕಿಗೆ ಹಿಡಿದರೆ ಅದನ್ನು ಬರೆದ ಬೆಳಕೇ ಅದನ್ನು ನುಂಗಿಹಾಕುತ್ತದೆ. ರಾತ್ರಿ ಹೆಪ್ಪು ಹಾಕಿ ಮುಚ್ಚಿಟ್ಟ ಹಾಲು ಯಾವ ಗಳಿಗೆಯಲ್ಲಿ ಮೊಸರಾಯಿತೆಂದು ಮನೆಯಲ್ಲಿ ಯಾರೂ ಹೇಳಲಾರರು, ಮತ್ತೆ ಮತ್ತೆ ಮುಚ್ಚಳ ತೆಗೆದು ಪಾತ್ರೆ ಅಲುಗಿಸಿ ನೋಡಿದವರಿಗೆ ಗಟ್ಟಿ ಮೊಸರು ಸಿಗುವುದೂ ಇಲ್ಲ. ಫಿಲ್ಮಿನೊಳಗಿನ ಚಿತ್ರವೂ ಹಾಗೆಯೇ ತನ್ನ ಕತ್ತಲನ್ನು ಕೇಳುತ್ತದೆ.

ಇಂಗ್ಲೆಂಡಿನ ವಿಲಿಯಂ ಹೆನ್ರಿ ಫಾಕ್ಸ್ ಟಾಲ್ಬಟ್ ಕಾಗದದ ಮೇಲೆ ಈ ಅಡಗಿದ ಬಿಂಬವನ್ನು ಕಂಡುಕೊಂಡದ್ದು 1840ರಲ್ಲಿ. ಅದಕ್ಕೆ ಮುಂಚೆ ಅವರು ಬೆಳಕೇ ಕಣ್ಣಿಗೆ ಕಾಣುವಷ್ಟು ಕಪ್ಪು ಮೂಡಿಸುವ ತನಕ ಕಾಗದವನ್ನು ಕ್ಯಾಮೆರಾದೊಳಗೆ ಇಟ್ಟುಕೊಂಡು ಕಾಯಬೇಕಿತ್ತು. ಖಾಲಿಯಾಗಿ ತೋರುವ ಹಾಳೆಯಲ್ಲಿ ಚಿತ್ರ ಆಗಲೇ ಬಂದು ಕೂತಿದೆ, ಅದನ್ನು ಕರೆಯುವ ದ್ರಾವಣವೊಂದು ಸಾಕು ಎಂದು ತಿಳಿದ ದಿನ ಆ ಮನುಷ್ಯನ ಎದೆ ಹೇಗೆ ಹೊಡೆದುಕೊಂಡಿರಬೇಕು! ಅಲ್ಲಿಂದ ಮುಂದೆ ನೂರೈವತ್ತು ವರ್ಷಗಳಿಗೂ ಮಿಕ್ಕಿ ಲೋಕದ ಛಾಯಾಗ್ರಾಹಕರೆಲ್ಲ ಕಾಣದ ಚಿತ್ರಗಳನ್ನು ಜೇಬಿನಲ್ಲಿ, ಚೀಲದಲ್ಲಿ, ಬಸ್ಸಿನ ಸೀಟಿನ ಕೆಳಗೆ ಇಟ್ಟುಕೊಂಡು ಓಡಾಡಿದರು. ಫಿಲ್ಮು ಹೋಗಿ ಡಿಜಿಟಲ್ ಬಂದಾಗ ಏನು ಬದಲಾಯಿತೆಂದು ಕೇಳಿದರೆ ಖರ್ಚು ಇಳಿಯಿತು, ವೇಗ ಬಂತು, ಎಲ್ಲರ ಕೈಗೂ ಕ್ಯಾಮೆರಾ ಸಿಕ್ಕಿತು ಎನ್ನುತ್ತಾರೆ. ಅದೆಲ್ಲ ನಿಜ. ನನ್ನ ಮನಸ್ಸು ಮಾತ್ರ ಆ ನಡುವಿನ ಹೊತ್ತಿನ ಸುತ್ತಲೇ ಸುಳಿಯುತ್ತದೆ: ಬೆಳಕು ಬಿದ್ದಾಗಿದೆ, ಚಿತ್ರ ಮೂಡಿಲ್ಲ, ತೆಗೆದವರಿಗೂ ಅದು ಹೇಗಿದೆಯೆಂದು ಗೊತ್ತಿಲ್ಲ.

ಆ ಫಿಲ್ಮಾದರೂ ಎಂಥ ವಸ್ತು! ದನದ ಮೂಳೆ, ಚರ್ಮಗಳಿಂದ ತೆಗೆದ ಜಿಲೆಟಿನ್, ನೆಲದಾಳದಿಂದ ಬಂದ ಬೆಳ್ಳಿ, ಉಪ್ಪಿನ ಕುಲಕ್ಕೆ ಸೇರಿದ ಬ್ರೋಮೈಡು. ಒಂದು ಕಾಲದಲ್ಲಿ ಒಂದು ಕಂತಿನ ಜಿಲೆಟಿನ್ ಬೆಳಕಿಗೆ ಚುರುಕಾಗಿ ಓಗೊಡುತ್ತಿತ್ತು, ಇನ್ನೊಂದು ಕಂತು ಮಂಕಾಗಿರುತ್ತಿತ್ತು, ಕಾರಣ ಮಾತ್ರ ಯಾರಿಗೂ ಹೊಳೆಯುತ್ತಿರಲಿಲ್ಲ. ಅಮೆರಿಕದ ರಾಚೆಸ್ಟರಿನಲ್ಲಿ ಕೊಡಾಕ್ ಕಂಪನಿಯ ಸ್ಯಾಮ್ಯುಯೆಲ್ ಷೆಪರ್ಡ್ 1925ರ ಹೊತ್ತಿಗೆ ಅದರ ಗುಟ್ಟು ಹಿಡಿದರು: ಹಸುಗಳು ಹೊಲದಲ್ಲಿ ಮೇಯ್ದ ಸಾಸಿವೆ. ಸಾಸಿವೆ ಅರೆಯುವಾಗ ಕಣ್ಣಲ್ಲಿ ನೀರು ತರಿಸುವ ಆ ಘಾಟಿನಲ್ಲಿರುವ ಗಂಧಕದ ಅಂಶ ಹಸುವಿನ ಮೈ ಹಾದು, ಜಿಲೆಟಿನ್ನಿಗೆ ಇಳಿದು, ಬೆಳ್ಳಿಯ ಹರಳುಗಳಿಗೆ ಬೆಳಕನ್ನು ಹಿಡಿಯುವ ಸೂಕ್ಷ್ಮವನ್ನು ಕೊಡುತ್ತಿತ್ತು. ಹಳದಿ ಹೂವಿನ ಒಂದು ಹೊಲ, ಅದರಲ್ಲಿ ತಲೆ ತಗ್ಗಿಸಿ ಮೇಯುತ್ತಿದ್ದ ದನ, ಆ ದನದ ಮೂಳೆಯೊಳಗೆ ಉಳಿದುಕೊಂಡ ಒಂದು ಘಾಟು. ಅದರ ದಯೆಯಿಂದ ಎಲ್ಲೋ ದೂರದ ಊರಿನಲ್ಲಿ ಯಾರದೋ ಅಜ್ಜಿಯ ಮುಖ ಕಾಗದದ ಮೇಲೆ ನಿಲ್ಲುತ್ತದೆ. ಇದನ್ನು ಓದಿದಂದಿನಿಂದ ಹಳೆಯ ಫೋಟೋಗಳನ್ನು ಕೈಗೆತ್ತಿಕೊಂಡಾಗ ನನಗೆ ಹೊಲದ ಗಾಳಿ ತಾಕಿದ ಹಾಗಾಗುತ್ತದೆ.

ಕಾಣದ ಚಿತ್ರ ಎಷ್ಟು ಕಾಲ ಕಾಯಬಲ್ಲದು? 1897ರ ಜುಲೈನಲ್ಲಿ ಸ್ವೀಡನ್ನಿನ ಮೂವರು ಹೈಡ್ರೋಜನ್ ಬಲೂನಿನಲ್ಲಿ ಉತ್ತರ ಧ್ರುವಕ್ಕೆ ಹೊರಟರು. ಮೂರು ದಿನ ತುಂಬುವ ಮೊದಲೇ ಬಲೂನು ಹಿಮದ ಮೇಲೆ ಕುಸಿಯಿತು. ಆಮೇಲೆ ತಿಂಗಳುಗಟ್ಟಲೆ ಅವರು ತೇಲುವ ಮಂಜಿನ ಹಾಸಿನ ಮೇಲೆ ನಡೆದರು; ಅವರಲ್ಲಿ ತರುಣನಾಗಿದ್ದ ನಿಲ್ಸ್ ಸ್ಟ್ರಿಂಡ್‌ಬರ್ಗ್ ದಾರಿಯುದ್ದಕ್ಕೂ ಚಿತ್ರ ತೆಗೆಯುತ್ತಲೇ ಇದ್ದ. ಮೂವರೂ ಬಿಳಿಯ ದ್ವೀಪವೊಂದರಲ್ಲಿ ಸತ್ತರು. 1930ರಲ್ಲಿ ಹಿಮ ಕರಗಿ ಅವರ ಬಿಡಾರ ಸಿಕ್ಕಾಗ ಫಿಲ್ಮಿನ ಡಬ್ಬಿಗಳೂ ಸಿಕ್ಕವು. ಸ್ಟಾಕ್‌ಹೋಮಿನಲ್ಲಿ ಜಾನ್ ಹರ್ಟ್ಸ್‌ಬರ್ಗ್ ಎನ್ನುವವರು ನೆನೆದು ಒಣಗಿ ಮತ್ತೆ ನೆನೆದ ಆ ಸುರುಳಿಗಳನ್ನು ಮಗುವನ್ನು ಮೀಯಿಸುವ ಎಚ್ಚರದಲ್ಲಿ ತೊಳೆದರು, 240 ಚೌಕಗಳಲ್ಲಿ 93 ಉಳಿದವು. ಒಂದರಲ್ಲಿ, ಮಗ್ಗುಲಾಗಿ ಬಿದ್ದ ಬಲೂನಿನ ಮುಂದೆ ಇಬ್ಬರು ನಿಂತಿದ್ದಾರೆ. ಅವರ ಬೆನ್ನು ಬಗ್ಗಿಲ್ಲ. ತೆಗೆದವನು ಸತ್ತು ಮೂವತ್ತಮೂರು ವರ್ಷವಾದ ಮೇಲೆ ಅವನು ನೋಡಿದ್ದು ಲೋಕಕ್ಕೆ ಕಂಡಿತು. ಅಷ್ಟು ವರ್ಷ ಆ ಬೇಸಗೆಯ ಬೆಳಕು ಹಿಮದಡಿಯಲ್ಲಿ, ಬೆಳ್ಳಿಯ ನಾಲ್ಕಾರು ಪರಮಾಣುಗಳ ಕೈಹಿಡಿದು ಸುಮ್ಮನಿತ್ತು.

ನಮ್ಮ ಸಣ್ಣ ಊರುಗಳ ಸ್ಟುಡಿಯೋಗಳಲ್ಲಿ ಇದೇ ಪವಾಡ ದಿನಾಲೂ ನಡೆಯುತ್ತಿತ್ತು, ಬಹಳ ಸಲ ಮೆಟ್ಟಿಲ ಕೆಳಗಿನ ಒಂದು ಗೂಡಿನಲ್ಲಿ. ಬಾಗಿಲ ಸಂದಿಗೆ ಕಪ್ಪು ಕಾಗದ, ಕಿಟಕಿಗೆ ಕಪ್ಪು ಬಟ್ಟೆ, ಮೇಲೊಂದು ಕೆಂಪು ಬಲ್ಬು, ಕಡಪಾ ಕಲ್ಲಿನ ಕಟ್ಟೆಯ ಮೇಲೆ ಮೂರು ಟ್ರೇ. ಬಿಸಿಲ ಊರುಗಳಲ್ಲಿ ಏಪ್ರಿಲ್ ಬಂತೆಂದರೆ ಡೆವಲಪರ್ ಕಾಯದಿರಲೆಂದು ಟ್ರೇಯ ಸುತ್ತ ಐಸ್ ಇಡಬೇಕು. ಮಲೆನಾಡಿನ ಜುಲೈನಲ್ಲಿ ಹಗ್ಗಕ್ಕೆ ಕ್ಲಿಪ್ ಹಾಕಿ ತೂಗಿದ ನೆಗೆಟಿವ್‌ಗಳು ದಿನ ಕಳೆದರೂ ಆರುವುದಿಲ್ಲ, ಬೂಷ್ಟು ಹಿಡಿಯುತ್ತದೆಂಬ ಭಯ ಬೇರೆ. ಎನ್‌ಲಾರ್ಜರಿನ ಕೆಳಗೆ ಬೆಳಕು ಉಂಡ ಬ್ರೋಮೈಡ್ ಕಾಗದವನ್ನು ಡೆವಲಪರಿಗೆ ಇಳಿಬಿಟ್ಟು ಟ್ರೇಯ ಒಂದು ಅಂಚನ್ನು ಬೆರಳ ತುದಿಯಿಂದ ಮೆಲ್ಲಗೆ ಎತ್ತಿ ಇಳಿಸುತ್ತ ನಿಂತರೆ ಮೊದಲ ಕೆಲವು ಉಸಿರಿನ ತನಕ ಏನೂ ಇಲ್ಲ, ಬರೀ ಬಿಳುಪು, ಅದರ ಮೇಲೆ ಕೆಂಪು ಬೆಳಕಿನ ಅಲೆ. ಆಮೇಲೆ ಎಲ್ಲಿಂದಲೋ ಒಂದು ಬೂದು ನೆರಳು. ಮೊದಲು ಬರುವುದು ಕಪ್ಪು: ಕೂದಲು, ಹುಬ್ಬು, ಕಣ್ಣಿನ ಗೊಂಬೆಗಳು. ಇನ್ನೂ ಮುಖವಿಲ್ಲದ ಹಾಳೆಯಿಂದ ಎರಡು ಕಣ್ಣು ಮೇಲೆ ನೋಡುತ್ತವೆ. ಕೆನ್ನೆ, ತುಟಿ, ಸೀರೆಯ ಜರಿ ಎಲ್ಲ ಅವುಗಳ ಹಿಂದಿನಿಂದ ನಿಧಾನವಾಗಿ ನಡೆದು ಬರುತ್ತವೆ. ಹದಿವಯಸ್ಸಿನಲ್ಲಿ ಒಮ್ಮೆ ಪರಿಚಯದ ಸ್ಟುಡಿಯೋದವರು ನನ್ನನ್ನು ಒಳಗೆ ಬಿಟ್ಟುಕೊಂಡು ಬಾಗಿಲು ಹಾಕಿದ್ದರು. ಆ ಹಾಳೆಯಿಂದ ಅಪರಿಚಿತ ಹೆಂಗಸೊಬ್ಬಳು ಮೇಲೇಳುವುದನ್ನು ನೋಡಿ ನಾನು ಉಸಿರು ಬಿಡುವುದನ್ನು ಮರೆತಿದ್ದೆ. ಅವರೂ ಮಾತಾಡಲಿಲ್ಲ. ವರ್ಷಗಳಿಂದ ದಿನಾ ನೋಡುವವರೂ ಆ ಹೊತ್ತಿಗೆ ಮಾತು ನಿಲ್ಲಿಸುತ್ತಾರೆಂದು ಅಂದು ತಿಳಿಯಿತು.

ಕಾಗದವನ್ನು ಹೈಪೋ ಎಂಬ ದ್ರಾವಣಕ್ಕೆ ಹಾಕಿದರೆ ಅದಕ್ಕೆ ಇನ್ನು ಬೆಳಕಿನ ಹೆದರಿಕೆಯಿಲ್ಲ. ಹೈಪೋ ಬೆಳ್ಳಿಯುಪ್ಪನ್ನು ಕರಗಿಸುತ್ತದೆಂದು 1819ರಲ್ಲೇ ಕಂಡವರು ಜಾನ್ ಹರ್ಷೆಲ್. ಮುಂದೆ ದಕ್ಷಿಣದ ಆಕಾಶವನ್ನೆಲ್ಲ ಅಳೆದ ನಕ್ಷತ್ರವೀಕ್ಷಕರು ಅವರು. ಬಳಸಿ ಬಿಟ್ಟ ಹೈಪೋವನ್ನೂ ಸ್ಟುಡಿಯೋದವರು ಚೆಲ್ಲುತ್ತಿರಲಿಲ್ಲ, ಅದರಲ್ಲಿ ಕರಗಿದ ಬೆಳ್ಳಿ ತೆಗೆಯುವವರು ಬಂದು ಕೊಂಡುಹೋಗುತ್ತಿದ್ದರು. ಚಿತ್ರಕ್ಕೆ ಬೇಡವಾದ ಬೆಳ್ಳಿ ಎಲ್ಲೋ ಯಾರದೋ ಕಾಲುಂಗುರವಾಗಿರಬಹುದು.

ಬಂಡೀಪುರ ದಾಟಿ ಮುದುಮಲೆಯ ಕಾಡು ಹಾದು ಘಾಟಿ ಹತ್ತಿದರೆ ಸಿಗುವ ಊಟಿಯಲ್ಲಿ ನಮ್ಮ ದೇಶದ ಫಿಲ್ಮ್ ಕಾರ್ಖಾನೆ ಇತ್ತು. 1960ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಂಪನಿ, ಹಿಂದೂಸ್ತಾನ್ ಫೋಟೋ ಫಿಲ್ಮ್ಸ್. ಅಲ್ಲಿಂದ ಬಂದ 'ಇಂದು' ಹೆಸರಿನ ಫಿಲ್ಮು, ಕಾಗದ ಎಷ್ಟೋ ಸ್ಟುಡಿಯೋಗಳ ಕಪಾಟಿನಲ್ಲಿ ಇರುತ್ತಿದ್ದವು. ನೀಲಗಿರಿಯ ಮಂಜಿನ ನಡುವೆ ಕತ್ತಲ ಹಾಲುಗಳಲ್ಲಿ, ಬೆಳ್ಳಿ ಬೆರೆತ ಜಿಲೆಟಿನ್ನನ್ನು ಕೆಲಸಗಾರರು ಕಣ್ಣಿಗಿಂತ ಕೈಯನ್ನೇ ನಂಬಿ ಲೇಪಿಸುತ್ತಿದ್ದರೆಂದು ನೆನೆದರೆ ಮನಸ್ಸು ತುಂಬಿಬರುತ್ತದೆ. ಈಗ ಅದು ಮುಚ್ಚಿದೆ.

ಫಿಲ್ಮಿನ ಮಿತಿಯೂ ಒಂದು ಬಗೆಯ ಶಿಸ್ತನ್ನು ಕೊಟ್ಟಿತ್ತು ಎಂದು ನನಗೆ ಖಚಿತವಾಗಿ ಅನಿಸುವುದು ಕರ್ನಾಟಕದ ವನ್ಯಜೀವಿ ಛಾಯಾಗ್ರಾಹಕರ ಆ ತಲೆಮಾರನ್ನು ನೆನೆದಾಗ. ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ, ಮೂಡಿಗೆರೆಯ ಕಾಡುಮೇಡುಗಳಲ್ಲಿ ಹಕ್ಕಿಗಳ ಹಿಂದೆ ಅಲೆದ ಪೂರ್ಣಚಂದ್ರ ತೇಜಸ್ವಿ. ಒಂದು ರೋಲಿನಲ್ಲಿ ಮೂವತ್ತಾರು ಚಿತ್ರ. ಮರೆ ಕಟ್ಟಿಕೊಂಡು, ಸೊಳ್ಳೆ ಕಚ್ಚಿದರೂ ಕೈಯೆತ್ತದೆ, ಹಕ್ಕಿ ಗೂಡಿಗೆ ಬಂದು ಹೋಗುವ ಲಯವನ್ನು ಮೈಗೆ ಹತ್ತಿಸಿಕೊಂಡು ಕೂತವರಿಗೆ ಒಂದೊಂದು ಒತ್ತೂ ಒಂದು ತೀರ್ಮಾನ. ಒತ್ತಿದ ಮೇಲೆ ನೋಡಲು ಮತ್ತೇನೂ ಇಲ್ಲ, ಎದುರಿಗಿರುವ ಹಕ್ಕಿಯೊಂದೇ. ಚಿತ್ರ ಬಂತೋ ಇಲ್ಲವೋ ಗೊತ್ತಿಲ್ಲದ ಆ ಕಣ್ಣು ಹಕ್ಕಿಯ ಮೇಲೇ ಉಳಿಯುತ್ತದೆ. ಅದು ಕೊಕ್ಕು ಒರೆಸಿಕೊಳ್ಳುವುದನ್ನು, ಕತ್ತು ಓರೆ ಮಾಡಿ ಮೋಡವನ್ನು ನೋಡುವುದನ್ನು, ಕೊಂಬೆ ಬಿಟ್ಟು ಹಾರಿದ ಮೇಲೂ ಕೊಂಬೆ ತೂಗುತ್ತಿರುವುದನ್ನು ನೋಡುತ್ತದೆ. ಘೋರ್ಪಡೆಯವರ ಕಪ್ಪು ಬಿಳುಪಿನ ಆನೆಗಳ ಮುಂದೆ ನಿಂತರೆ ತೆಗೆದ ಗಳಿಗೆಯ ಹಿಂದೆ ಮುಂದೆ ಹರಡಿಕೊಂಡಿದ್ದ ಅಂಥ ನೋಟದ ಉದ್ದವೇ ಚಿತ್ರದೊಳಗೆ ಸೇರಿಕೊಂಡಿದೆ ಎನಿಸುತ್ತದೆ.

1975ರಲ್ಲಿ, ಅದೇ ರಾಚೆಸ್ಟರಿನಲ್ಲಿ, ಸಾಸಿವೆಯ ಗುಟ್ಟು ತಿಳಿದ ಅದೇ ಕೊಡಾಕ್‌ನಲ್ಲಿ, ಸ್ಟೀವನ್ ಸ್ಯಾಸನ್ ಎಂಬ ತರುಣ ಎಂಜಿನಿಯರ್ ಫಿಲ್ಮಿಲ್ಲದ ಕ್ಯಾಮೆರಾವೊಂದನ್ನು ಜೋಡಿಸಿದರು. ಮೂರೂವರೆ ಕಿಲೋಗೂ ಮಿಕ್ಕಿದ ತೂಕ, ಬರೀ ಹತ್ತು ಸಾವಿರ ಚುಕ್ಕಿಗಳ ಕಪ್ಪು ಬಿಳುಪು ಚಿತ್ರ, ಅದು ಕ್ಯಾಸೆಟ್ ಟೇಪಿನ ಮೇಲೆ ದಾಖಲಾಗಲು 23 ಸೆಕೆಂಡು. ಆ ಇಪ್ಪತ್ತಮೂರು ಸೆಕೆಂಡುಗಳ ಮೇಲೆ ನನಗೆ ವಿಚಿತ್ರ ಮಮತೆ. ಹಿಮದಡಿಯ ಮೂವತ್ತಮೂರು ವರ್ಷ, ಡಾರ್ಕ್‌ರೂಮಿನ ಒಂದು ರಾತ್ರಿ, ಕಲರ್ ಲ್ಯಾಬಿನ ಒಂದು ಗಂಟೆ, ಹೀಗೆ ಕಿರಿದಾಗುತ್ತ ಬಂದ ಕಾಯುವ ಹೊತ್ತಿನ ಕೊನೆಯ ಚೂರು ಅದು. ಈಗ ಷಟರಿನ ಸದ್ದು ಅಡಗುವ ಮುನ್ನವೇ ಚಿತ್ರ ಕ್ಯಾಮೆರಾದ ಬೆನ್ನಿನ ಮೇಲೆ ಹೊಳೆಯುತ್ತದೆ. ಕಬಿನಿಯ ಹಿನ್ನೀರಿನ ಬದಿಯಲ್ಲಿ ಚಿರತೆ ಮರದಿಂದ ಇಳಿಯುತ್ತಿರುವಾಗ ಜೀಪಿನಲ್ಲಿದ್ದವರ ತಲೆಗಳೆಲ್ಲ ಒಟ್ಟಿಗೆ ಪರದೆಯ ಕಡೆ ಬಾಗುವುದನ್ನು ಕಂಡಿದ್ದೇನೆ. ಚಿರತೆ ಇನ್ನೂ ಅಲ್ಲೇ ಇತ್ತು. ಬಾಲದ ತುದಿ ಹುಲ್ಲನ್ನು ಸವರುತ್ತಿತ್ತು. ನೂರು ಚಿತ್ರ ಬಂದವು, ನಿಖರವಾಗಿ, ಚೆಂದವಾಗಿ ಬಂದವು. ಚಿರತೆ ನೆಲಕ್ಕೆ ಕಾಲಿಟ್ಟ ಗಳಿಗೆಯನ್ನು ಬಹಳ ಮಂದಿ ನೋಡಲಿಲ್ಲ. ಛಾಯಾಗ್ರಾಹಕರು ಕಳೆದುಕೊಂಡದ್ದು ಯಾವುದಾದರೂ ಇದ್ದರೆ ಅದು ಇದು, ಒತ್ತಿದ ನಂತರದ ಆ ಕೆಲವು ನಿಮಿಷ.

ಸ್ಟುಡಿಯೋದವರ ಬದುಕಿಗೆ ಬಿದ್ದ ಪೆಟ್ಟು ಬೇರೆಯೇ ಬಗೆಯದು. ನೆಗೆಟಿವಿನ ಮೇಲೆ ಮೊನೆ ಮಾಡಿದ ಪೆನ್ಸಿಲ್ಲಿನಿಂದ ಮೊಡವೆಯ ಗುರುತು ಅಳಿಸುತ್ತಿದ್ದ ಕೈಗಳು, ಕಪ್ಪು ಬಿಳುಪು ಮುಖಕ್ಕೆ ಬಣ್ಣ ತುಂಬುತ್ತಿದ್ದ ಕೈಗಳು ನಡುವಯಸ್ಸು ದಾಟಿದ ಮೇಲೆ ಮೌಸ್ ಹಿಡಿಯುವುದನ್ನು ಕಲಿಯಬೇಕಾಯಿತು. ಕಲಿತವರು ಆಲ್ಬಂ ವಿನ್ಯಾಸಕ್ಕೆ, ಪಾಸ್‌ಪೋರ್ಟ್ ಫೋಟೋಗೆ ತಿರುಗಿಕೊಂಡರು. ಕಲಿಯಲಾರದವರು ಬಾಗಿಲು ಹಾಕಿದರು. ಫಿಲ್ಮುಗಳೂ ಒಂದೊಂದಾಗಿ ಹಾಗೆಯೇ ಮರೆಯಾದವು.

ಕೊಡಾಕ್‌ನ ಕೊಡಾಕ್ರೋಮ್ ಎಂಬ ಫಿಲ್ಮು ಹುಟ್ಟಿದ್ದು 1935ರಲ್ಲಿ. ಅದರೊಳಗೆ ಬಣ್ಣವೇ ಇರುತ್ತಿರಲಿಲ್ಲ, ಇದ್ದದ್ದು ಒಂದರ ಮೇಲೊಂದು ಕಪ್ಪು ಬಿಳುಪಿನ ಪದರಗಳು. ತೊಳೆಯುವಾಗ ಒಂದೊಂದು ಪದರಕ್ಕೂ ಅದರದರ ಬಣ್ಣ ಬಂದು ಕೂರುತ್ತಿತ್ತು. 2009ರಲ್ಲಿ ಅದರ ತಯಾರಿಕೆ ನಿಂತಾಗ ಕಾರ್ಖಾನೆಯಿಂದ ಬಂದ ಕಡೆಯ ರೋಲನ್ನು ಛಾಯಾಗ್ರಾಹಕ ಸ್ಟೀವ್ ಮೆಕರಿ ಕೇಳಿ ಪಡೆದರು. ಮೂವತ್ತಾರು ಚಿತ್ರ, ಅದರಾಚೆಗೆ ಕಾರ್ಖಾನೆಯಿಂದ ಆ ಬಣ್ಣ ಬರುವುದಿಲ್ಲ. ನ್ಯೂಯಾರ್ಕಿನಲ್ಲಿ ಕೆಲವು ತೆಗೆದು ಅವರು ಭಾರತಕ್ಕೆ ಬಂದರು. ಮುಂಬಯಿಯ ನಟರನ್ನು, ರಾಜಸ್ಥಾನದ ರಬಾರಿ ಮುದುಕರ ಕೆಂಪು ಮುಂಡಾಸು, ಬಿಸಿಲಿಗೆ ಬಿರಿದ ಹಣೆಗಳನ್ನು ಆ ಕೊನೆಯ ಚೌಕಗಳಿಗೆ ಇಳಿಸಿಕೊಂಡರು. ಆಗಲೇ ಅವರ ಕೈಯಲ್ಲಿ ಡಿಜಿಟಲ್ ಕ್ಯಾಮೆರಾವೂ ಇದ್ದ ಕಾಲ. ಬೇರೆಲ್ಲಿಯೂ ಸಲ್ಲದೆ ಉಳಿದ ಆ ಫಿಲ್ಮನ್ನು ತೊಳೆಯುತ್ತಿದ್ದ ಏಕೈಕ ಲ್ಯಾಬ್ ಅಮೆರಿಕದ ಕ್ಯಾನ್ಸಸ್ ಸೀಮೆಯ ಪಾರ್ಸನ್ಸ್ ಎಂಬ ಸಣ್ಣ ಊರಿನಲ್ಲಿತ್ತು, ಅಲ್ಲಿಗೆ ಅವರೇ ರೋಲನ್ನು ಹೊತ್ತು ನಡೆದರು. 2010ರ ಡಿಸೆಂಬರ್ 30ಕ್ಕೆ ಆ ಲ್ಯಾಬೂ ಕೊಡಾಕ್ರೋಮ್ ಸ್ವೀಕರಿಸುವುದನ್ನು ನಿಲ್ಲಿಸಿತು. ಎಲ್ಲೋ ಯಾರದೋ ಡ್ರಾಯರಿನಲ್ಲಿ ತೊಳೆಯದೆ ಉಳಿದ ರೋಲುಗಳು ಇಂದಿಗೂ ಇದ್ದಾವು. ಅವುಗಳಲ್ಲಿ ಚಿತ್ರವಿದೆ, ಅದರ ನಿಜದ ಬಣ್ಣ ಇನ್ನು ಯಾರಿಗೂ ಕಾಣದು.

ನ್ಯೂಯಾರ್ಕಿನ ಬೀದಿಗಳ ಛಾಯಾಗ್ರಾಹಕ ಗ್ಯಾರಿ ವಿನೋಗ್ರಾಂಡ್ ಇನ್ನೊಂದು ಬಗೆಯವರು. ತೆಗೆದ ಗಳಿಗೆಯ ಖುಷಿ ತಣಿದು ಮರೆತುಹೋಗಲಿ, ಆಮೇಲೆ ಚಿತ್ರವನ್ನು ಚಿತ್ರವಾಗಿಯೇ ನೋಡೋಣ ಎಂದು ಬೇಕೆಂತಲೇ ರೋಲುಗಳನ್ನು ಬಹುಕಾಲ ತೊಳೆಯದೆ ಇಡುತ್ತಿದ್ದರು. 1984ರಲ್ಲಿ ಅವರು ತೀರಿಕೊಂಡಾಗ ಸುಮಾರು 2,500 ರೋಲುಗಳು ಹಾಗೇ ಉಳಿದಿದ್ದವು. ಕಾಯುವುದನ್ನೇ ಅವರು ತಮ್ಮ ಕಲೆಯ ಅರ್ಧ ಮಾಡಿಕೊಂಡಿದ್ದರು.

ಇಷ್ಟೆಲ್ಲ ಹೇಳಿಯೂ ಬೆಳ್ಳಿಯಲ್ಲಿದ್ದ ಬೆರಗು ಸಿಲಿಕಾನಿನಲ್ಲಿ ಇಲ್ಲವೆನ್ನಲು ನನ್ನಿಂದಾಗದು. ಅಲ್ಲಿಯೂ ಬೆಳಕಿನ ಕಣವೊಂದು ಬಂದು ತಾಕಿದಾಗ ಒಂದು ಎಲೆಕ್ಟ್ರಾನು ಎದ್ದು ಸಣ್ಣದೊಂದು ಬಾವಿಯೊಳಗೆ ಇಳಿದು ಕೂರುತ್ತದೆ, ಎಣಿಸುವವರು ಬರುವ ತನಕ ಕಾಯುತ್ತದೆ. ಕಣ್ಣೆವೆ ಇಕ್ಕುವುದರೊಳಗೆ ಎಣಿಕೆ ಮುಗಿಯಬಹುದು, ಆದರೂ ಆ ಅಷ್ಟು ಹೊತ್ತು ಅದೂ ಕಾಣದ ಚಿತ್ರವೇ. ಈ ಬಾವಿಗಳ ಬೆಲೆ ಬಹುಬೇಗ ಗೊತ್ತಾದದ್ದು ಖಗೋಳಜ್ಞರಿಗೆ. ಫಿಲ್ಮಿನ ಮೇಲೆ ನೂರು ಬೆಳಕಿನ ಕಣ ಬಿದ್ದರೆ ಒಂದೋ ಎರಡೋ ಲೆಕ್ಕಕ್ಕೆ ಸಿಗುತ್ತಿದ್ದವು, ಈ ಬಾವಿಗಳಿಂದಾದ ಒಳ್ಳೆಯ ಸಿಸಿಡಿಯಲ್ಲಿ ಎಂಬತ್ತು ತೊಂಬತ್ತು. 1995ರ ಡಿಸೆಂಬರಿನಲ್ಲಿ ಹಬಲ್ ದೂರದರ್ಶಕ ಆಕಾಶದ ಖಾಲಿಯೆನಿಸಿದ ಒಂದು ಚೂರನ್ನು ಹತ್ತು ದಿನ ದಿಟ್ಟಿಸಿತು, 342 ಸಲ ಬೆಳಕು ತುಂಬಿಕೊಂಡಿತು. ಅಲ್ಲಿ ಸುಮಾರು ಮೂರು ಸಾವಿರ ಗೆಲಾಕ್ಸಿಗಳಿದ್ದವು. ನಮ್ಮ ಘಟ್ಟದ ಮಳೆಗಾಡಿನಲ್ಲಿ ಕೊಳೆತ ಮರದ ಮೇಲೆ ತಾನೇ ಮಿಣುಕುವ ಅಣಬೆಗಳಿವೆ, ಕಣ್ಣಿಗೆ ಅವು ಇದ್ದೂ ಇಲ್ಲದ ಮಾಸಲು ಬೆಳಕು. ಟಾರ್ಚು ಆರಿಸಿ, ಜಿಗಣೆಗಳ ನಡುವೆ ಕ್ಯಾಮೆರಾವನ್ನು ನೆಲಕ್ಕೂರಿ, ಷಟರ್ ತೆರೆದಿಟ್ಟು ಕತ್ತಲಲ್ಲಿ ಕೂರುವ ಇಂದಿನ ತರುಣರಿಗೆ ಅವು ಹಸಿರಾಗಿ ಉರಿಯುವುದು ಕಾಣುತ್ತದೆ. ಅವರೂ ಮಾತು ನಿಲ್ಲಿಸುತ್ತಾರೆ. ಹಗಲಿನ ಚಿತ್ರಗಳಿಗೆ ಕತ್ತಲು ಬೇಡವಾದ ಈ ಕಾಲದಲ್ಲಿ ಕತ್ತಲೇ ಚಿತ್ರವಾಗಲು ಬಂದಿದೆ.

ಹಾಗೆಯೇ ಹಳೆಯದಕ್ಕೆ ಹೊಸದು ಕಣ್ಣಾಗುತ್ತಿರುವುದೂ ಇದೆ. ಕೊಡೈಕೆನಾಲಿನ ವೀಕ್ಷಣಾಲಯದಲ್ಲಿ ಕಳೆದ ಶತಮಾನದ ಮೊದಲ ವರ್ಷಗಳಿಂದ ಸೂರ್ಯನ ಚಿತ್ರಗಳನ್ನು ಗಾಜಿನ ಫಲಕ, ಫಿಲ್ಮುಗಳ ಮೇಲೆ ದಿನದಿನವೂ ತೆಗೆದಿಟ್ಟಿದ್ದಾರೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು ಅವನ್ನು ಡಿಜಿಟಲ್ ರೂಪಕ್ಕೆ ತಂದಿದ್ದಾರೆ. ನೂರು ವರ್ಷದ ಸೂರ್ಯನ ಕಲೆಗಳು ಒಂದರ ಹಿಂದೊಂದು ಬಂದು ತಮ್ಮ ಏರಿಳಿತವನ್ನು ಹೇಳುತ್ತವೆ. ಫಲಕದ ಮುಂದೆ ನಿಂತಿದ್ದವರಿಗೆ ತಾವು ಇದನ್ನು ಹಿಡಿದಿಡುತ್ತಿದ್ದೇವೆಂದು ಪೂರ್ತಿ ಗೊತ್ತಿರಲಾರದು.

ಶಿವಮೊಗ್ಗ ಸೀಮೆಯ ಒಂದು ಊರಿನಲ್ಲಿ ಬಾಗಿಲು ಹಾಕಿದ ಸ್ಟುಡಿಯೋವೊಂದರ ಯಜಮಾನರ ಮನೆಗೆ ಈಚೆಗೆ ಹೋಗಿದ್ದೆ. ಅವರ ಮೊಮ್ಮಗಳು ರಜೆಗೆ ಬಂದವಳು ಸ್ಕ್ಯಾನರ್ ಇಟ್ಟುಕೊಂಡು ಅಜ್ಜನ ನೆಗೆಟಿವ್‌ಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದಳು. ವರ್ಷ ತುಂಬಿದ ಮಗುವನ್ನು ಕುರ್ಚಿಯ ಮೇಲೆ ಕೂರಿಸಿ ತೆಗೆದ ಒಂದು ಚಿತ್ರ. ಪ್ರಿಂಟಿನಲ್ಲಿ ಮಗು, ಹಿಂದೆ ಬಣ್ಣದ ಪರದೆ, ಅಷ್ಟೇ ಇದ್ದದ್ದು, ಉಳಿದದ್ದನ್ನು ಎನ್‌ಲಾರ್ಜರಿನಲ್ಲೇ ಬಿಟ್ಟುಬಿಟ್ಟಿದ್ದರು. ಈಗ ನೆಗೆಟಿವಿನ ಪೂರ್ತಿ ಚೌಕ ತಿರುಗುಮುರುಗಾಗಿ ಪರದೆಗೆ ಬಂದಾಗ ಕುರ್ಚಿಯ ಪಕ್ಕದಲ್ಲಿ ನೆಲಕ್ಕೆ ಬಗ್ಗಿ ಕೂತು ಮಗುವಿನ ಸೊಂಟವನ್ನು ಹಿಂದಿನಿಂದ ಹಿಡಿದ ಹೆಂಗಸೊಬ್ಬಳು ಕಂಡಳು. ಸೆರಗು ತಲೆಯ ಮೇಲೆ, ಮುಖ ನೇರ ಕ್ಯಾಮೆರಾದ ಕಡೆ.

"ಅಜ್ಜ, ಇವ್ರು ಯಾರು?"

ಅಜ್ಜ ಕನ್ನಡಕ ಸರಿಮಾಡಿಕೊಂಡು ಪರದೆಯ ಹತ್ತಿರ ಬಂದರು. "ಮಗಿನ ತಾಯಿ ಕಣೇ. ನೋಡು, ನನ್ನನ್ನೇ ನೋಡ್ತಾ ಇದ್ದಾಳೆ. ನಾನು ಅವತ್ತು ಮಗು ಒಂದನ್ನೇ ನೋಡಿದ್ದು."

ಅವಳು ಚಿತ್ರವನ್ನು ಕತ್ತರಿಸದೆ ಪೂರ್ತಿಯಾಗಿಯೇ ಉಳಿಸಿಕೊಂಡು ಮುಂದಿನ ಪಟ್ಟಿಯನ್ನು ಸ್ಕ್ಯಾನರಿಗೆ ಜೋಡಿಸಿದಳು. ಅಟ್ಟದ ಮೇಲೆ ನೆಗೆಟಿವ್ ತುಂಬಿದ ಪೆಟ್ಟಿಗೆಗಳು ಇನ್ನೂ ಇವೆಯಂತೆ, ಮಳೆ ಹಿಡಿಯುವುದರೊಳಗೆ ಅವನ್ನು ಕೆಳಗಿಳಿಸಬೇಕೆಂದು ಇಬ್ಬರೂ ಮಾತಾಡಿಕೊಳ್ಳುತ್ತಿದ್ದರು.